ಶಿರಾಡಿ ಘಾಟಿಯಲ್ಲಿ ಜಾಮ್ ಆದ ಬಾಬರ್: ಬುಲೆಟ್ 350 ಇಂಜಿನ್ ಕಾದ ಪ್ರಕರಣ

ಗಾಡಿ ಹಳೆಯ ಎರಕದ ಕಬ್ಬಿಣದ ಬೋರಿನ (ಪಿಸ್ಟನ್ ಆಡುವ ಸಿಲಿಂಡರಿನ) ಬುಲೆಟ್ 350. ಬೋರಿನ ಒಳವ್ಯಾಸ 70 ಮಿ.ಮೀ., ಪಿಸ್ಟನ್ ಓಡಾಟ (ಸ್ಟ್ರೋಕ್) 90 ಮಿ.ಮೀ., 346 ಸಿಸಿ. ಬೆಂಗಳೂರಿನಲ್ಲಿ ಬಾಬರ್ ಆಗಿ, ಅಂದರೆ ಬೇಡದ ಭಾಗ ಕಿತ್ತು ದಪ್ಪ ಟೈರ್ ಹಾಕಿದ ಗಿಡ್ಡ ಗಾಡಿಯಾಗಿ, ಕಟ್ಟಿಸಿದ್ದು. ಕಟ್ಟಿದ ಮೇಲೆ ಊರೊಳಗೆ ಐದಾರು ತಿಂಗಳು ಓಡಿದೆ. ಕಾಲಿಗೆ ಬಿಸಿ ಹೊಡೆಯುತ್ತದೆ ಎನ್ನುವುದನ್ನು ಬಿಟ್ಟರೆ ಬೇರೆ ದೂರಿಲ್ಲ. ಏಪ್ರಿಲ್‌ನಲ್ಲಿ ಇಬ್ಬರು ಕೂತು ಮಂಗಳೂರಿಗೆ ಹೋಗಿ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಶುರುವಾದ ಕೆಲವೇ ಕಿಲೋಮೀಟರಿನಲ್ಲಿ ಎಳೆತ ಕುಗ್ಗಿತು, ಟಿಣ್ ಟಿಣ್ ಎಂದು ನಾಕಿಂಗ್ (ಬೋರಿನೊಳಗೆ ಪೆಟ್ರೋಲ್ ತಾನಾಗಿ ಸಿಡಿಯುವ ಸದ್ದು) ಶುರುವಾಯಿತು, ಆಮೇಲೆ ಹಿಂದಿನ ಚಕ್ರವೇ ನಿಂತುಬಿಟ್ಟಿತು. ಪಿಸ್ಟನ್ ಬೋರನ್ನು ಕಚ್ಚಿಕೊಂಡಿತ್ತು. ಮುಕ್ಕಾಲು ಗಂಟೆ ಆರಿದ ಮೇಲೆ ಕಿಕ್ ಇಳಿಯಿತು, ಗಾಡಿ ಹೊಗೆ ಬಿಡುತ್ತ ಸಕಲೇಶಪುರದವರೆಗೆ ಬಂತು. ಅಲ್ಲಿಂದ ಬೆಂಗಳೂರಿಗೆ ಟೆಂಪೋದಲ್ಲಿ.

ಕಟ್ಟುವಾಗ ಬದಲಿಸಿದ್ದು ಇಷ್ಟು. ಮುಂದೆ 16 ಇಂಚಿನ ದಪ್ಪ ಟೈರ್, ಅದರ ಹಿಂದೆ ಫ್ರೇಮಿನ ಇಳಿಜಾರು ಕೊಳವೆಗೆ ಬೆಲ್ಟಿನಿಂದ ಬಿಗಿದ ಚರ್ಮದ ಟೂಲ್ ಚೀಲ, ಅದರ ಪಕ್ಕಕ್ಕೆ ಹಾರ್ನ್. ಏರ್ ಫಿಲ್ಟರ್ ಡಬ್ಬಿ ತೆಗೆದು ಕಾರ್ಬುರೇಟರಿನ ಬಾಯಿಗೇ ಸಿಕ್ಕಿಸಿದ ಕೋನ್ ಫಿಲ್ಟರ್. ಒಳಗೆ ಅಡ್ಡತಡೆಯಿಲ್ಲದ ಗಿಡ್ಡ ಸೈಲೆನ್ಸರ್, ಇಂಜಿನ್ನಿನಿಂದ ಹೊಗೆ ಒಯ್ಯುವ ಬೆಂಡ್ ಪೈಪಿಗೆ ಸುತ್ತಿದ ಶಾಖ ತಡೆಯುವ ಪಟ್ಟಿ. ಬೋರ್ ಮತ್ತು ಅದರ ಮೇಲೆ ಕೂರುವ ಹೆಡ್‌ಗೆ ಕಪ್ಪು ಬಣ್ಣ. ಬ್ಯಾಟರಿ ಡಬ್ಬಿ ಬೋರಿನ ಬೆನ್ನಿಗೆ ಎರಡು ಬೆರಳು ಅಂತರದಲ್ಲಿ. ಹೈವೇಯಲ್ಲಿ ಇಂಜಿನ್ ನಿಧಾನ ತಿರುಗಲಿ ಎಂದು ಗೇರ್‌ಬಾಕ್ಸ್ ಸ್ಪ್ರಾಕೆಟ್ 16 ಹಲ್ಲಿನಿಂದ 18ಕ್ಕೆ. ಕಾರ್ಬುರೇಟರ್ ಮಾತ್ರ ಮೊದಲಿನದೇ ಮಿಕ್‌ಕಾರ್ಬ್ ವಿಎಂ24, ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ತೂತು, ಅಂದರೆ ಜೆಟ್ಟೂ ಮೊದಲಿನದೇ. ಕಾಲಿಗೆ ಬಿಸಿ ಎಂಬ ದೂರು ಬಂದ ಮೇಲೆ ಹೆಡ್‌ನಲ್ಲಿ ವಾಲ್ವ್ ಒತ್ತುವ ರಾಕರ್‌ಗೆ ಎಣ್ಣೆ ಒಯ್ಯುವ ಹೊರ ಪೈಪನ್ನು ಕತ್ತರಿಸಿ ನಡುವೆ ಒಂದು ಪುಟ್ಟ ಆಯಿಲ್ ಕೂಲರ್ ಕೂರಿಸಿದ್ದರು.

ಬಿಚ್ಚಿದಾಗ ಕಂಡದ್ದು: ಪಿಸ್ಟನ್ನಿನ ಗೀರುಗಳೆಲ್ಲ ಮುಂಭಾಗದಲ್ಲಿ, ಹೊಗೆ ಹೊರಬೀಳುವ ಎಕ್ಸಾಸ್ಟ್ ಕಡೆಗೆ. ಮೇಲಿನ ರಿಂಗ್ ಪಿಸ್ಟನ್ನಿನ ತೋಡಿನಲ್ಲೇ ಅಂಟಿ ಕೂತಿತ್ತು. ಪಿಸ್ಟನ್ ತಲೆಯ ಒಳಮೈಯಲ್ಲಿ ಸುಟ್ಟ ಎಣ್ಣೆಯ ಕಪ್ಪು ಮೆರುಗು. ಪ್ಲಗ್ಗಿನ ಪಿಂಗಾಣಿ ಸುಣ್ಣದ ಹಾಗೆ ಬಿಳಿ. ಬೆಂಡ್ ಪೈಪಿನ ಪಟ್ಟಿ ಬಿಚ್ಚಿದರೆ ಹೆಡ್‌ನಿಂದ ಒಂದು ಗೇಣು ಉದ್ದಕ್ಕೆ ಕಡುನೀಲಿ. ಪಟ್ಟಿ ಇಲ್ಲದಿದ್ದರೆ ಈ ನೀಲಿ ಮೊದಲ ತಿಂಗಳಲ್ಲೇ ಕಣ್ಣಿಗೆ ಬೀಳುತ್ತಿತ್ತು. ಪಟ್ಟಿ ಮಳೆಗಾಲದಲ್ಲಿ ನೀರು ಹಿಡಿದು ಪೈಪನ್ನು ತುಕ್ಕಿಗೆ ಕೊಡುವುದು ಒಂದು ನಷ್ಟ, ಇಂಜಿನ್ ಕೊಡುವ ಎಚ್ಚರಿಕೆಯನ್ನು ಮುಚ್ಚಿಡುವುದು ಇನ್ನೂ ದೊಡ್ಡದು.

ಗೀರು ಎಲ್ಲಿದೆ ಎಂಬುದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಪಿನ್ನಿನ ಎರಡೂ ಬದಿಗೆ ನಾಲ್ಕು ಮೂಲೆಯಲ್ಲಿ ಗೀರು ಬಿದ್ದರೆ ಪಿಸ್ಟನ್ ಬೋರಿಗಿಂತ ಬೇಗ ಉಬ್ಬಿದೆ. ಸಂದು ಸಾಲದು, ಇಲ್ಲವೇ ತಣ್ಣಗಿನ ಇಂಜಿನ್ನಿಗೆ ಎಕ್ಕಾಮುಕ್ಕಾ ರೇಸ್ ಕೊಟ್ಟಿದ್ದಾರೆ. ಸುತ್ತಲೂ ಅಗಲವಾಗಿ ಒಣಗೀರು ಇದ್ದರೆ ಎಣ್ಣೆ ತಲುಪಿಲ್ಲ. ಇಲ್ಲಿನಂತೆ ಎಕ್ಸಾಸ್ಟ್ ಬದಿಯೊಂದೇ ಹಾಳಾಗಿ ಪ್ಲಗ್ ಬೆಳ್ಳಗಿದ್ದರೆ ಉರಿಯೇ ಹೆಚ್ಚು ಬಿಸಿಯಾಗಿದೆ, ಆ ಬದಿಗೆ ಗಾಳಿಯೂ ಸಿಕ್ಕಿಲ್ಲ.

ಅಂದರೆ ಆಯಿಲ್ ಕೂಲರ್ ಹಾಕಿದ್ದು ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ ಎಂಬಂತಾಗಿತ್ತು. ಬುಲೆಟ್ಟಿನ ಆಯಿಲ್ ಪಂಪ್ ಕ್ರ್ಯಾಂಕಿನ ತುದಿಯ ವರ್ಮ್ ಗೇರಿನಿಂದ ಬಹಳ ನಿಧಾನ ಆಡುವ ಪಂಪ್. ರಾಕರ್ ಪೈಪಿನಲ್ಲಿ ಹರಿಯುವುದು ಸಣ್ಣ ಧಾರೆ, ಒತ್ತಡವೂ ಕಡಿಮೆ. ಆ ಧಾರೆಯನ್ನು ಎಷ್ಟೇ ತಣಿಸಿದರೂ ಹೆಡ್‌ನಿಂದ ಹೊರಹೋಗುವ ಶಾಖ ಅಲ್ಪ. ಬದಲಿಗೆ ಉದ್ದದ ಹೋಸು, ಕೂಲರಿನ ಕಿರಿದಾದ ಕೊಳವೆ ಸೇರಿ ರಾಕರ್‌ಗೆ ಹೋಗುವ ಎಣ್ಣೆಯೇ ಇಳಿದಿತ್ತು. ಸ್ಲೋ ರನ್ನಿಂಗಿನಲ್ಲಿ (ನಿಂತ ಗಾಡಿಯ ಇಂಜಿನ್ ನಿಧಾನ ಓಡುವಾಗ) ಎಣ್ಣೆ ಪೈಪನ್ನು ಹೆಡ್‌ಗೆ ಸೇರಿಸುವ ಬ್ಯಾಂಜೋ ಬೋಲ್ಟನ್ನು ಒಂದು ಸುತ್ತು ಸಡಿಲಿಸಿದರೆ ಎಣ್ಣೆ ಒಸರಿ ಹರಿಯಬೇಕು. ಇಲ್ಲಿ ತೊಟ್ಟಿಕ್ಕುತ್ತಿತ್ತು. ಎಕ್ಸಾಸ್ಟ್ ವಾಲ್ವಿನ ಗೈಡ್ ಸವೆದದ್ದರಲ್ಲಿ ಇದರ ಪಾಲಿದೆ.

ಊರೊಳಗೆ ತಡೆದುಕೊಂಡ ಇಂಜಿನ್ ಘಾಟಿಯಲ್ಲಿ ಏಕೆ ಸೋತಿತು ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಗಾಡಿ ಮತ್ತು ಇಬ್ಬರು ಸೇರಿ ಸುಮಾರು 310 ಕೆ.ಜಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ಹೋಗಲು, ಏರಿಗೆಂದೇ ಎರಡು ಕಿಲೋವ್ಯಾಟ್ ಬೇಕು. ಸಮನೆಲದಲ್ಲಿ ಅದೇ ವೇಗಕ್ಕೆ ಒಂದು ಕಿಲೋವ್ಯಾಟ್ ಸಾಕು. ಕೆಲಸ ಮೂರು ಪಟ್ಟು, ಅದರ ಜೊತೆ ಬರುವ ಶಾಖವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ. ಫಿನ್‌ಗಳಿಗೆ (ಬೋರಿನ ಹೊರಮೈಯ, ಶಾಖ ಬಿಡುವ ತೆಳು ರೆಕ್ಕೆಗಳಿಗೆ) ಬಡಿಯುವ ಗಾಳಿ ಮಾತ್ರ ಅಷ್ಟೇ. ಶಿರಾಡಿಯಲ್ಲಂತೂ ಬಂದರಿನಿಂದ ಬರುವ ಟ್ಯಾಂಕರ್‌ಗಳ ಹಿಂದೆ 20–25ರ ವೇಗ, ಆ ಗಾಳಿಯೂ ಲಾರಿಯ ಬೆನ್ನ ಹಿಂದಿನ ಬಿಸಿ ಗಾಳಿ. 18 ಹಲ್ಲಿನ ಸ್ಪ್ರಾಕೆಟ್ಟಿನಿಂದ ಪ್ರತಿ ಗೇರೂ ಶೇ. 12ರಷ್ಟು ಉದ್ದವಾಗಿತ್ತು. ಎರಡನೇ ಗೇರಿನಲ್ಲಿ ಇಂಜಿನ್ ಗುಂಯ್‌ಗುಟ್ಟುತ್ತದೆಂದು ಮೂರನೆಯದಕ್ಕೆ ಹಾಕಿ ಆಕ್ಸಿಲರೇಟರ್ ತಿರುವಿ ಹಿಡಿದರೆ, ಇಂಜಿನ್ ನಿಧಾನ ತಿರುಗುತ್ತದೆ, ಪಂಪೂ ನಿಧಾನ, ಆದರೆ ಪ್ರತಿ ಹೊಡೆತದಲ್ಲಿ ಉರಿಯುವ ಪೆಟ್ರೋಲ್ ಹೆಚ್ಚು. ನಾಕಿಂಗ್ ಹುಟ್ಟುವುದು ಇಂಥಲ್ಲೇ.

ಈಗ ಮುಖ್ಯ ತಪ್ಪಿಗೆ ಬರೋಣ: ಮಿಕ್ಸ್ಚರ್ ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಯುತ್ತಿರಲಿಲ್ಲ. ಇದಕ್ಕೆ ಒಂದಲ್ಲ, ನಾಲ್ಕು ಕಾರಣ ಸಿಕ್ಕವು.

ಕೋನ್ ಫಿಲ್ಟರ್, ತೆರೆದ ಸೈಲೆನ್ಸರ್ ಎರಡೂ ಗಾಳಿಯ ಹರಿವನ್ನು ಬದಲಿಸುತ್ತವೆ. ಫಿಲ್ಟರ್ ಡಬ್ಬಿಯ ತಡೆ ಇದ್ದಾಗ ಲೆಕ್ಕ ಹಾಕಿ ಕೊಟ್ಟ ಜೆಟ್, ಆ ತಡೆ ತೆಗೆದರೆ ಸಾಲದು. ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೂ ಹತ್ತರಲ್ಲಿ ಎಂಟು ಗಾಡಿಯಲ್ಲಿ ಮಾಡದೆ ಬಿಡುವುದೂ ಇದನ್ನೇ. ಏಕೆಂದರೆ ಲೀನ್ ಇದ್ದಾಗ ಗಾಡಿ ಊರೊಳಗೆ ಚುರುಕಾಗಿ ಓಡಿದಂತೆ ಅನಿಸುತ್ತದೆ, ಮೈಲೇಜೂ ಕೊಡುತ್ತದೆ.

ಎರಡನೆಯದು ಪೆಟ್ರೋಲ್. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಬಂಕಿನಲ್ಲಿ ಈಗ ಸಿಗುವ, ಶೇ. 20 ಎಥನಾಲ್ ಬೆರೆತ ಇ20ಗೆ ಈ ಅಂಕಿ ಸುಮಾರು 13.5. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬುರೇಟರಿನ ತೂತಿಗೆ ಅದು ಗೊತ್ತಾಗುವುದಿಲ್ಲ. ಎಥನಾಲ್ ಇಲ್ಲದ ಕಾಲದಲ್ಲಿ ಕೊಟ್ಟ ಜೆಟ್ಟಿನಲ್ಲಿ ಇ20 ಸುರಿದರೆ ಬೇರೇನೂ ಮುಟ್ಟದೆಯೇ ಶೇ. 7–8ರಷ್ಟು ಲೀನ್.

ಮೂರನೆಯದು ಊರಿನ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇ. 8–10 ತೆಳು. ಇಲ್ಲಿ ಟ್ಯೂನ್ ಮಾಡಿದ ಕಾರ್ಬುರೇಟರ್ ಕೆಳಗಿಳಿದಂತೆ ಲೀನ್ ಆಗುತ್ತದೆ, ಲೆಕ್ಕದಲ್ಲಿ ಶೇ. 4–5. ಲಡಾಖ್‌ಗೆ ಹೋಗುವವರು ಜೆಟ್ ಬಗ್ಗೆ ಹತ್ತು ಜನರನ್ನು ಕೇಳುತ್ತಾರೆ, ಆದರೆ ಮೇಲೆ ಹೋದರೆ ಗಾಡಿ ಕಪ್ಪು ಹೊಗೆ ಬಿಟ್ಟು ಮೊಂಡಾಗುತ್ತದೆಯೇ ಹೊರತು ಸುಡುವುದಿಲ್ಲ. ಕರಾವಳಿಗೆ ಇಳಿಯುವವರಿಗೇ ಅಪಾಯ ಹೆಚ್ಚು. ಈ ಗಾಡಿ ಕಚ್ಚಿಕೊಂಡದ್ದು ಘಾಟಿಯ ಬುಡದಲ್ಲಿ, ಗಾಳಿ ಇನ್ನೂ ದಟ್ಟವಾಗಿದ್ದ ಕಡೆ ಎಂಬುದನ್ನು ಗಮನಿಸಿ.

ನಾಲ್ಕನೆಯದು ಸೋರಿಕೆ. ಕಾರ್ಬುರೇಟರನ್ನು ಹೆಡ್‌ಗೆ ಕೂರಿಸುವ ಚಪ್ಪಟೆ ಅಂಚಿನ, ಅಂದರೆ ಫ್ಲ್ಯಾಂಜಿನ, ನಟ್ಟುಗಳನ್ನು ಬಲವಾಗಿ ಬಿಗಿದು ಬಿಗಿದು ಅದು ಬಾಳೆದೆಲೆಯಂತೆ ಬಾಗಿತ್ತು. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟರೆ ನಡುವೆ ಬೆಳಕು ಕಾಣುತ್ತಿತ್ತು. ಇದರಿಂದ ಒಳನುಗ್ಗುವ ಗಾಳಿಗೆ ಜೆಟ್ಟಿನ ಲೆಕ್ಕವೇ ಇಲ್ಲ. ಸ್ಲೋ ರನ್ನಿಂಗಿನಲ್ಲಿ ಫ್ಲ್ಯಾಂಜಿನ ಸುತ್ತ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದಾಗ ಇಂಜಿನ್ನಿನ ಸದ್ದು ಬದಲಾದರೆ ಅಲ್ಲೇ ಸೋರಿಕೆ. ಪೆಟ್ರೋಲ್ ಚಿಮುಕಿಸಿ ನೋಡುವವರೂ ಇದ್ದಾರೆ, ಬೆಂಡ್ ಪೈಪ್ ಪಕ್ಕದಲ್ಲೇ ಇರುವಾಗ ಅದು ಬೇಡ.

ಟೈಮಿಂಗ್ (ಕಿಡಿ ಬೀಳುವ ಹೊತ್ತು) ಕೂಡ ಸರಿಯಿರಲಿಲ್ಲ. ಇಂಜಿನ್ ವೇಗ ಏರಿದಂತೆ ಕಿಡಿಯನ್ನು ಮುಂಚೆ ಬೀಳಿಸುವ, ಡಿಸ್ಟ್ರಿಬ್ಯೂಟರ್ ಒಳಗಿನ ಆಟೋ ಅಡ್ವಾನ್ಸ್ ತೂಕಗಳು ಒಣಗಿದ ಗ್ರೀಸಿನಲ್ಲಿ ಅಂಟಿಕೊಂಡಿದ್ದವು. ಇಂಜಿನ್ ವೇಗ ಏರಿದರೂ ಕಿಡಿ ತಡವಾಗಿಯೇ ಬೀಳುತ್ತಿತ್ತು. ತಡವಾದ ಕಿಡಿಯಲ್ಲಿ ಉರಿ ಮುಗಿಯುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆದು, ಪಿಸ್ಟನ್ನನ್ನು ತಳ್ಳಬೇಕಾದ ಶಾಖ ಪೋರ್ಟ್ ಮತ್ತು ಬೆಂಡ್ ಪೈಪಿಗೆ ಹೋಗುತ್ತದೆ. ಪೈಪಿನ ನೀಲಿಗೆ ಲೀನ್ ಒಂದೇ ಕಾರಣವಾಗಿರಲಿಲ್ಲ. ಇದರ ಮೇಲೆ, ಟಕಟಕ ಸದ್ದು ಬರಬಾರದೆಂದು ಎಕ್ಸಾಸ್ಟ್ ಟ್ಯಾಪೆಟ್ಟನ್ನು (ವಾಲ್ವ್ ಎತ್ತುವ ಕೊಂಡಿಯ ಸಂದನ್ನು) ಬಿಗಿ ಮಾಡಿದ್ದರು. ಎಕ್ಸಾಸ್ಟ್ ವಾಲ್ವ್ ತನ್ನ ಶಾಖವನ್ನು ಇಳಿಸುವುದು ಸೀಟಿನ ಮೇಲೆ ಕೂತಿರುವ ಹೊತ್ತಿನಲ್ಲಿ. ಟ್ಯಾಪೆಟ್ ಬಿಗಿಯಾದರೆ ಕೂರುವುದೇ ಇಲ್ಲ.

ಗಾಳಿಯ ವಿಷಯ ಕಣ್ಣಿಗೆ ಕಾಣುವಂಥದ್ದು, ಹೆಚ್ಚು ಹೇಳಬೇಕಿಲ್ಲ. ದಪ್ಪ ಟೈರ್ ಗಾಳಿಯನ್ನು ಬದಿಗೆ ಸೀಳುತ್ತದೆ, ಟೂಲ್ ಚೀಲ ಎಕ್ಸಾಸ್ಟ್ ಪೋರ್ಟಿನ ಎದುರಿಗೇ ಗೋಡೆಯಂತೆ ನಿಲ್ಲುತ್ತದೆ. ಕಟ್ಟುವವರು ಸಾಮಾನ್ಯವಾಗಿ ಮರೆಯುವುದು ಬೋರಿನ ಹಿಂಭಾಗವನ್ನು: ಬಂದ ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಮುಂದಿನಿಂದಲೂ ಬರುವುದಿಲ್ಲ. ಬ್ಯಾಟರಿ ಡಬ್ಬಿ ಆ ದಾರಿಯನ್ನು ಮುಚ್ಚಿತ್ತು. ಬಣ್ಣದ ಬಗ್ಗೆ ಮಾತ್ರ ಒಂದು ಮಾತು. ಕಪ್ಪು ಬಣ್ಣ ತಪ್ಪಲ್ಲ. ತೆಳುವಾದ, ಶಾಖ ತಾಳುವ ಮ್ಯಾಟ್ ಕಪ್ಪು ನಿಂತ ಗಾಡಿಯಲ್ಲಿ ಸ್ವಲ್ಪ ನೆರವಾಗುತ್ತದೆ ಕೂಡ. ಇಲ್ಲಿ ಇದ್ದದ್ದು ಪ್ರೈಮರ್, ಎರಡು ಕೋಟ್ ಎನಾಮಲ್, ಮೇಲೆ ಲ್ಯಾಕರ್. ಫಿನ್ನಿನ ಬುಡದಲ್ಲಿ ಬಣ್ಣ ಇಳಿದು ಗಟ್ಟಿಯಾಗಿ, ಸಂದಿನ ಆಳವೇ ಕಡಿಮೆಯಾಗಿತ್ತು. ಎರಕದ ಕಬ್ಬಿಣ ಮೊದಲೇ ಅಲ್ಯೂಮಿನಿಯಮ್ ಅಲಾಯ್‌ನ ಮೂರನೇ ಒಂದು ಪಾಲಿನಷ್ಟು ಶಾಖ ಸಾಗಿಸುವ ಲೋಹ. ಅದಕ್ಕೆ ಕಂಬಳಿ ಹೊದಿಸಿದರೆ ಇನ್ನೇನು.

ದುರಸ್ತಿ ನಡೆದ ಕ್ರಮ ಹೀಗೆ. ಬೋರ್ 0.5 ಮಿ.ಮೀ. ಓವರ್‌ಸೈಜ್‌ಗೆ ಲೇತ್‌ಗೆ ಹೋಯಿತು. ಹೊಸ ಪಿಸ್ಟನ್ನನ್ನು ಮೊದಲು ತಂದು ಲೇತ್‌ನವರ ಕೈಗೆ ಕೊಡಬೇಕು, ಬೋರ್ ಆ ಪಿಸ್ಟನ್ನಿನ ಅಳತೆಗೆ ಆಗಬೇಕು. ಸಂದು ಪಿಸ್ಟನ್ ಮಾಡಿದವರು ಕೊಟ್ಟಷ್ಟೇ ಇರಲಿ. 'ಸದ್ದು ಬರಬಾರದು, ಟೈಟ್ ಇಡಿ' ಎಂದು ಹೇಳಿದವರೇ ಮತ್ತೆ ಗಾಡಿ ತಳ್ಳಿಕೊಂಡು ಬರುತ್ತಾರೆ. ರಿಂಗ್‌ಗಳನ್ನು ಬೋರಿನೊಳಗೆ ನೇರ ಕೂರಿಸಿ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಿ 0.30 ಮಿ.ಮೀ.ಗೆ ತರಲಾಯಿತು. ಎಕ್ಸಾಸ್ಟ್ ಗೈಡ್ ಬದಲು, ವಾಲ್ವ್ ಗ್ರೈಂಡಿಂಗ್. ಬೋರ್ ಮತ್ತು ಹೆಡ್‌ನ ಬಣ್ಣವನ್ನು ಪೇಂಟ್ ರಿಮೂವರ್ ಮತ್ತು ತಂತಿ ಬ್ರಷ್ಷಿನಿಂದ ಪೂರ್ತಿ ತೆಗೆದು, ಶಾಖ ತಾಳುವ ಕಪ್ಪಿನ ಒಂದೇ ತೆಳು ಕೋಟ್.

ಟೈಮಿಂಗ್ ಹಿಡಿದದ್ದು ಹೆಡ್ ಕೂರಿಸುವ ಮೊದಲೇ. ಪ್ಲಗ್ ತೂತಿನಲ್ಲಿ ಸ್ಪೋಕ್ ಕಡ್ಡಿ ಇಳಿಬಿಟ್ಟು ಅಳೆಯುವುದು ವಾಡಿಕೆ, ಆದರೆ ಬುಲೆಟ್ಟಿನ ಆ ತೂತು ಓರೆ. ಕಡ್ಡಿ ತೋರುವ ಅಳತೆ ನಿಜವಾದದ್ದಲ್ಲ. ಹೆಡ್ ಇಲ್ಲದಾಗ ಡಯಲ್ ಗೇಜನ್ನು ಪಿಸ್ಟನ್ ಮೇಲೆ ನೇರ ನಿಲ್ಲಿಸಬಹುದು. ಆಟೋ ಅಡ್ವಾನ್ಸ್ ಬಿಚ್ಚಿ ತೊಳೆದು, ಕೈಯಲ್ಲಿ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಎಳೆದು ಹಿಂದಕ್ಕೆ ಬರುತ್ತದೆಯೇ ಎಂದು ನೋಡಿದ ಮೇಲೆ, ತೆರೆದಾಗ ಕಿಡಿ ಹುಟ್ಟಿಸುವ ಪಾಯಿಂಟಿನ ಸಂದು 0.35–0.40 ಮಿ.ಮೀ. ಇಟ್ಟು, ತೂಕಗಳು ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿ ಪಿಸ್ಟನ್ ಮೇಲ್ತುದಿಗೆ 0.8 ಮಿ.ಮೀ. ಇರುವಾಗ ಪಾಯಿಂಟ್ ತೆರೆಯಲು ಶುರುವಾಗುವಂತೆ ಬಿಗಿಯಲಾಯಿತು. ಪಾಯಿಂಟಿಗೂ ಬಾಡಿಗೂ ನಡುವೆ 12 ವೋಲ್ಟಿನ ಬಲ್ಬ್ ಕಟ್ಟಿ ಸ್ವಿಚ್ ಆನ್ ಮಾಡಿದರೆ ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹೊತ್ತುತ್ತದೆ. ಹೆಡ್ ಕೂರಿಸಿದ ಮೇಲೆ ಟ್ಯಾಪೆಟ್: ತಣ್ಣಗಿನ ಇಂಜಿನ್ನಿನಲ್ಲಿ, ಎರಡೂ ವಾಲ್ವ್ ಮುಚ್ಚಿರುವಾಗ, ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಎಕ್ಸಾಸ್ಟಿನದು ಒಂದು ಕೂದಲೆಳೆ ಹೆಚ್ಚೇ ಸಡಿಲ ಇರಲಿ.

ಆಯಿಲ್ ಕೂಲರ್ ತೆಗೆದು ರಾಕರ್ ಪೈಪ್ ಮೊದಲಿನಂತೆ. ಎಣ್ಣೆ 20ಡಬ್ಲ್ಯು-50 ಮಿನರಲ್, ಸುಮಾರು ಎರಡು ಲೀಟರ್, ಫಿಲ್ಟರ್ ಹೊಸದು. ಮೊದಲ 500 ಕಿ.ಮೀ.ಗೆ ಬದಲು, ಆಮೇಲೆ ಪ್ರತಿ 2,000ಕ್ಕೆ. ಸ್ಪ್ರಾಕೆಟ್ ಮತ್ತೆ 16 ಹಲ್ಲು. ಹಿಂದಿನ ಬ್ರೇಕ್ ಎಳೆಯುತ್ತಿತ್ತು, ಅದನ್ನೂ ಸಡಿಲಿಸಿದ್ದಾಯಿತು. ಅದೂ ಇಂಜಿನ್ನಿಗೆ ಹೊರೆಯೇ.

ಕಾರ್ಬುರೇಟರ್ ಫ್ಲ್ಯಾಂಜನ್ನು ದಪ್ಪ ಗಾಜಿನ ಮೇಲೆ 400 ನಂಬರಿನ ಎಮೆರಿ ಪೇಪರ್ ಇಟ್ಟು ಉಜ್ಜಿ ಸಮ ಮಾಡಿ, ಹೊಸ ಓ-ರಿಂಗ್ ಹಾಕಿ, ನಟ್ಟುಗಳನ್ನು ಎರಡೂ ಬದಿ ಸರದಿಯಂತೆ ಹದವಾಗಿ ಬಿಗಿದರು. ಕೋನ್ ಫಿಲ್ಟರ್ ಉಳಿಯಲೇಬೇಕು ಎಂಬುದು ಮಾಲೀಕರ ಹಟ, ಆದ್ದರಿಂದ ಜೆಟ್ಟಿಂಗ್ ಹೊಸದಾಗಿ ಆಯಿತು. ಈ ಬಗೆಯ ಕಾರ್ಬುರೇಟರಿನಲ್ಲಿ ಆಕ್ಸಿಲರೇಟರ್ ಎಂಟನೇ ಒಂದರವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅಲ್ಲಿಂದ ಮೇಲೆ ಮೇನ್ ಜೆಟ್ ಮಾತು ನಡೆಯುತ್ತದೆ. ಘಾಟಿಯಲ್ಲಿ ಗಾಡಿ ಹೆಚ್ಚು ಹೊತ್ತು ಇರುವುದು ನೀಡಲಿನ ಪಾಳಿಯಲ್ಲಿ. ಮೇನ್ ಜೆಟ್ ಒಂದನ್ನೇ ದೊಡ್ಡದು ಮಾಡಿ ಮುಗಿಸಿದರೆ ಆ ಪಾಳಿ ಲೀನ್ ಆಗಿಯೇ ಉಳಿಯುತ್ತದೆ. ನೀಡಲ್ ಕ್ಲಿಪ್ಪನ್ನು ಒಂದು ಕಚ್ಚು ಕೆಳಕ್ಕೆ ಇಳಿಸಿದರೆ ನೀಡಲ್ ಮೇಲೆ ಬಂದು ಪೆಟ್ರೋಲ್ ಹೆಚ್ಚುತ್ತದೆ. ಇಲ್ಲಿ ಕ್ಲಿಪ್ ಒಂದು ಕಚ್ಚು ಇಳಿಯಿತು, ಮೇನ್ ಜೆಟ್ ಎರಡು ಮೆಟ್ಟಿಲು ಮೇಲೇರಿತು, ಪೈಲಟ್ ಒಂದು. ಪರೀಕ್ಷೆ ಹೊಸ ಪ್ಲಗ್ಗಿನಲ್ಲಿ: ಖಾಲಿ ರಸ್ತೆಯಲ್ಲಿ ಬೇಕಾದ ಆಕ್ಸಿಲರೇಟರ್ ಮಟ್ಟವನ್ನು ಒಂದು ಕಿಲೋಮೀಟರ್ ಹಿಡಿದು, ಸ್ವಿಚ್ ಆಫ್ ಮಾಡಿ ಆ ಕ್ಷಣವೇ ಕ್ಲಚ್ ಒತ್ತಿ ಗಾಡಿ ನಿಲ್ಲಿಸಿ ಪ್ಲಗ್ ಬಿಚ್ಚಬೇಕು. ಸ್ಲೋ ರನ್ನಿಂಗಿನಲ್ಲಿ ಮನೆವರೆಗೆ ಬಂದು ನೋಡಿದರೆ ಕಾಣುವುದು ಸ್ಲೋ ರನ್ನಿಂಗಿನ ಬಣ್ಣ. ಪಿಂಗಾಣಿಯ ಬುಡದಲ್ಲಿ ಬಿಸ್ಕತ್ತಿನ ಬಣ್ಣ ಸಿಕ್ಕರೆ ಸಾಕು. ಬೆಂಗಳೂರಿನಲ್ಲಿ ಅದು ಒಂದು ಚೂರು ಗಾಢವೇ ಇರಲಿ, ಕರಾವಳಿಯಲ್ಲಿ ತಿಳಿಯಾಗುತ್ತದೆ.

ಪ್ಲಗ್ ಕೊಳ್ಳುವಾಗ ಒಂದು ಗೊಂದಲವಿದೆ. ಹಳೆಯ ಮೈಕೋ ಡಬ್ಲ್ಯು175ರ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು. ಬಾಷ್‌ನ ಈಗಿನ ಲೆಕ್ಕದಲ್ಲಿ ಅಂಕಿ ಸಣ್ಣದಾದಷ್ಟೂ ತಣ್ಣಗಿನದು. ಎನ್‌ಜಿಕೆಯಲ್ಲಿ ಮತ್ತೆ ದೊಡ್ಡದೇ. ಅಂಗಡಿಯವರು 'ಇದೂ ನಡೆಯುತ್ತೆ ಸಾರ್' ಎಂದು ಕೊಟ್ಟದ್ದನ್ನು ತಿರುಗಿಸಿ ನೋಡದೆ ಹಾಕಬಾರದು.

ಟೂಲ್ ಚೀಲ ಹಿಂದಿನ ಮಡ್‌ಗಾರ್ಡ್ ಪಕ್ಕಕ್ಕೆ, ಹಾರ್ನ್ ಟ್ಯಾಂಕಿನ ಕೆಳಗೆ ಬದಿಗೆ, ಬ್ಯಾಟರಿ ಡಬ್ಬಿ 40 ಮಿ.ಮೀ. ಹಿಂದಕ್ಕೆ ಹೋದವು. ಟೈರ್ ಬದಲಿಸಲು ಒಪ್ಪಲಿಲ್ಲವಾದ್ದರಿಂದ ಇಳಿಜಾರು ಕೊಳವೆಯ ಎರಡೂ ಬದಿಗೆ 1 ಮಿ.ಮೀ. ಅಲ್ಯೂಮಿನಿಯಮ್ ತಗಡಿನ ಎರಡು ಕಿವಿ ಕೂರಿಸಿ, ಟೈರ್ ಬದಿಗೆ ಸೀಳಿದ ಗಾಳಿಯನ್ನು ಹೆಡ್ ಕಡೆಗೆ ತಿರುಗಿಸಲಾಯಿತು. ತಗಡು ಫಿನ್‌ಗೆ ತಾಗಬಾರದು, ಒಂದು ಬೆರಳು ದೂರ ಇರಬೇಕು. ಕಂಪ್ಯೂಟರಿನ ಪುಟ್ಟ ಫ್ಯಾನ್ ಹಾಕುವ ಯೋಚನೆಯೂ ಇತ್ತು. ಅದು ತಳ್ಳುವ ಗಾಳಿ ಏತಕ್ಕೂ ಸಾಲದು, ಓಡುವಾಗ ಬರುವ ಗಾಳಿಗೆ ಅಡ್ಡವೇ ಆಗುತ್ತದೆ.

ಹೆಡ್‌ನ ಬಿಸಿ ಅಳೆಯಲು ಪ್ಲಗ್ ವಾಷರ್ ಜಾಗದಲ್ಲಿ ಕೂರುವ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಬಳೆ ಬಳಸಿದ್ದು. ಪಿಸ್ತೂಲಿನಂತೆ ಹಿಡಿದು ನೋಡುವ ಇನ್‌ಫ್ರಾರೆಡ್ ಗೇಜ್ ಹೊಳೆಯುವ ಅಲ್ಯೂಮಿನಿಯಮ್ ಮೇಲೆ ನಿಜಕ್ಕಿಂತ ಬಹಳ ಕಡಿಮೆ ತೋರುತ್ತದೆ. ಅದೇ ಬೇಕಿದ್ದರೆ ಅಳೆಯುವ ಜಾಗಕ್ಕೆ ಮ್ಯಾಟ್ ಕಪ್ಪಿನ ಚುಕ್ಕೆ ಇಟ್ಟು ನೋಡಬೇಕು. 500 ಕಿ.ಮೀ. ಬೋರ್ ಪಳಗಿದ ಮೇಲೆ ಇಬ್ಬರು ಕೂತು ನಂದಿ ಬೆಟ್ಟದ ಏರಿನಲ್ಲಿ ಎರಡನೇ ಗೇರಿನಲ್ಲಿ ಓಡಿಸಿದಾಗ, ಟೂಲ್ ಚೀಲವನ್ನು ಬೇಕೆಂದೇ ಮತ್ತೆ ಮುಂದೆ ಕಟ್ಟಿಕೊಂಡು 225 ಡಿಗ್ರಿ ಸೆಲ್ಸಿಯಸ್, ಚೀಲ ಬಿಚ್ಚಿ 200, ಕಿವಿ ತಗಡು ಸೇರಿಸಿ 190. ಈ ಬಗೆಯ ಇಂಜಿನ್ನಿಗೆ ಏರಿನಲ್ಲಿ 200ರ ಆಸುಪಾಸು ಆತಂಕದ್ದಲ್ಲ, 230 ದಾಟಿ ಏರುತ್ತಲೇ ಇದ್ದರೆ ನಿಲ್ಲಿಸಬೇಕು. ಎಣ್ಣೆ 105ರಲ್ಲಿ ನಿಂತಿತು. 130 ದಾಟಿದರೆ ಮಿನರಲ್ ಎಣ್ಣೆ ಬೇಗ ಕೆಡುತ್ತದೆ.

ಏರಿನಲ್ಲಿ ಇಂಥ ಗಾಡಿ ಓಡಿಸುವವರಿಗೆ: ಲಾರಿಯ ಬೆನ್ನಿಗೆ ಅಂಟಬೇಡಿ, ಇಂಜಿನ್ ನರಳುವ ಮೊದಲೇ ಗೇರ್ ಇಳಿಸಿ, ಹಾಫ್ ಕ್ಲಚ್ಚಿನಲ್ಲಿ ತೆವಳಬೇಡಿ. ನಾಕಿಂಗ್ ಕೇಳಿಸಿದರೆ ಆಕ್ಸಿಲರೇಟರ್ ಬಿಡಿ. ಎಳೆತ ಕುಗ್ಗಿ ಗಾಡಿ ತಾನಾಗಿ ಹಿಡಿದಂತಾದರೆ ಕ್ಲಚ್ ಒತ್ತಿ ಬದಿಗೆ ತನ್ನಿ, ನೆರಳಲ್ಲಿ ಅರ್ಧ ಮುಕ್ಕಾಲು ಗಂಟೆ ಬಿಡಿ. ಕಾದ ಬೋರಿಗೆ ನೀರು ಸುರಿಯಬಾರದು. ಎರಕದ ಕಬ್ಬಿಣ ಸೀಳುತ್ತದೆ.

ಗಾಡಿ ಆಮೇಲೆ ಶಿರಾಡಿ ಹತ್ತಿ ಬಂದಿದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯ ದಟ್ಟಣೆಯಲ್ಲಿ ಮಾತ್ರ ಹತ್ತು ನಿಮಿಷ ತೆವಳಿದರೆ ಮುಳ್ಳು ಈಗಲೂ 210ಕ್ಕೆ ಹೋಗುತ್ತದೆ. ಗಾಳಿಯನ್ನೇ ನಂಬಿದ ಇಂಜಿನ್ನಿಗೆ ನಿಂತಲ್ಲಿ ಬೇರೆ ಉಪಾಯವಿಲ್ಲ. ಸಿಗ್ನಲ್ ಒಂದು ನಿಮಿಷಕ್ಕಿಂತ ಹೆಚ್ಚಿದ್ದರೆ ಸ್ವಿಚ್ ಆಫ್ ಮಾಡಿ ಎಂದು ಮಾಲೀಕರಿಗೆ ಹೇಳಿ ಕಳಿಸಿದ್ದಾಗಿದೆ, ಥರ್ಮೋಕಪಲ್ಲಿನ ಗೇಜ್ ಹ್ಯಾಂಡಲಿನಲ್ಲೇ ಉಳಿದಿದೆ.